ಸೊನ್ನೆಯ ಕೆಳಗಿನ ಗೆರೆ

ಫೆಬ್ರವರಿ 4

ಅಕ್ಕಾ,

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಕಾಗದ ಬರೆಯುತ್ತಿದ್ದೇನೆಂದರೆ, ಇದು ಅಮ್ಮನ ಕಿವಿಗೆ ಬೀಳಬಾರದ ವಿಷಯ ಎಂದು ನಿನಗೆ ಗೊತ್ತಾಗಿರಬೇಕು. ಈ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ, ನಾನು ಆಕಳಿಸಿದರೂ ಪಕ್ಕದ ಕೋಣೆಯಿಂದ ಅಮ್ಮ "ಮಲಗ್ಬಾರ್ದೇನೇ" ಅನ್ನುತ್ತಿದ್ದಳು. ಈಗ ಅದೂ ಇಲ್ಲ. ಸಂಜೆಯಾದರೆ ಬಾಯಿಗೆ ಬೀಗ.

ಇರಲಿ, ಅಮ್ಮನ ಪುರಾಣ ಆಮೇಲೆ. ಕಳೆದ ವಾರ ಸಂಜೆ ಪಾಳಿಯಲ್ಲಿ ಸೇತುವೆ ಇಳಿದು ಎಡಕ್ಕೆ ತಿರುಗುವಾಗ ನನಗೆ ಎರಡು ರಸ್ತೆ ಕಂಡವು. ಎರಡು ದೀಪದ ಕಂಬ, ಎರಡು ಸೈಕಲ್ಲು, ಎರಡೂ ಸೈಕಲ್ಲಿನ ಮೇಲೆ ಅದೇ ಮನುಷ್ಯ. ಬಸ್ಸಿನ ತುಂಬ ಜನ. ಒಂದು ಕಣ್ಣು ಮುಚ್ಚಿದೆ, ಒಂದು ರಸ್ತೆ ಹೋಯಿತು, ಉಳಿದ ರಸ್ತೆಯ ಮೇಲೆ ಓಡಿಸಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಡಿಪೋಗೆ ಬಂದು ಬ್ರೇಕ್ ಎಳೆದ ಮೇಲೆ ಎಲ್ಲರೂ ಇಳಿದುಹೋಗುವ ತನಕ ಸೀಟಿನಲ್ಲೇ ಕೂತುಬಿಟ್ಟೆ.

ಕಣ್ಣಿನ ಡಾಕ್ಟರು ನೋಡಿದರು. "ಕಣ್ಣಿನ ಸ್ನಾಯು ಬೇಗ ಸೋಲ್ತಾ ಇರೋ ಹಾಗಿದೆ. ನರ ಹೇಳಿದ್ದು ಸ್ನಾಯುವಿಗೆ ಕೇಳಿಸದ ಕಾಯಿಲೆ ಒಂದಿದೆ. ಅದೇ ಅಂತಲ್ಲ, ಆದರೆ ನೋಡಿಸಿಬಿಡಿ" ಅಂದರು. ದೊಡ್ಡಾಸ್ಪತ್ರೆಯವರು ನೋಡಲು ಕೊಟ್ಟ ದಿನ ಏಪ್ರಿಲ್‌ನಲ್ಲಿದೆ. ಅಲ್ಲಿಯವರೆಗೆ ನಾನೇನು ಮಾಡಲಿ? ಡಾಕ್ಟರು ಆ ಕಾಯಿಲೆಯ ಹೆಸರು ಹೇಳಿದ ತಕ್ಷಣ ನಿನ್ನ ನೆನಪಾಯಿತು. ನೀನು ವರ್ಷಗಟ್ಟಲೆ ಆ ಬೆಳಕಿನ ಯಂತ್ರದ ಮುಂದೆ ಕೂತು ನೋಡುತ್ತಿರುವುದು ಇದನ್ನೇ ಅಲ್ಲವೇ? ನನ್ನ ರಕ್ತ ಕಳಿಸಿದರೆ ನೋಡುತ್ತೀಯಾ?

ಬಸ್ಸು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅಕ್ಕಾ. ಸಂಸಾರ ಬಿಟ್ಟು ಬಂದಾಗ ಇಷ್ಟು ಹೆದರಿರಲಿಲ್ಲ.

ನಿನ್ನ
ಗಡಿಬಿಡಿ

—

ಫೆಬ್ರವರಿ 11

ಪ್ರೀತಿಯ ಗಡಿಬಿಡಿ,

ಮೊದಲು ಉಸಿರು ಬಿಡು. ಎರಡು ರಸ್ತೆ ಕಂಡವರಿಗೆಲ್ಲ ಅದೇ ಕಾಯಿಲೆ ಇರುವುದಿಲ್ಲ.

ನಮ್ಮ ಯಂತ್ರ ಆಸ್ಪತ್ರೆಯ ಯಂತ್ರವಲ್ಲ, ಸಂಶೋಧನೆಯದು. ಅದು ಹೇಳಿದ್ದನ್ನು ಯಾವ ಡಾಕ್ಟರೂ ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಆದರೂ ನಮ್ಮ ಮುಖ್ಯಸ್ಥೆಯನ್ನು ಕೇಳಿದೆ. "ನಿನ್ನ ತಂಗಿಯೇ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ತರಿಸು, ನೋಡೋಣ" ಅಂದರು. ನಮಗೂ ಈ ಕಾಯಿಲೆಯವರ ರಕ್ತ ಸಿಗುವುದು ಅಪರೂಪ.

ನೀನು ಯಾವಾಗಲೂ ಕೇಳುತ್ತಿದ್ದೆಯಲ್ಲ, ಅಲ್ಲಿ ಏನು ಮಾಡುತ್ತೀಯ ಎಂದು. ಕೇಳಿಸಿಕೋ. ಬೆರಳಿನ ಉಗುರಿನಷ್ಟು ಗಾಜಿನ ಚೂರು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಚಿನ್ನ. ಕೆಳಗಿನಿಂದ ಬೆಳಕು ಬಿಟ್ಟರೆ ಅದು ಚಿನ್ನಕ್ಕೆ ತಾಗಿ ವಾಪಸ್ಸು ಬರುತ್ತದೆ. ಆದರೆ ಒಂದು ಕೋನದಲ್ಲಿ ಮಾತ್ರ ಬರುವುದಿಲ್ಲ, ಚಿನ್ನ ಅದನ್ನು ನುಂಗಿಬಿಡುತ್ತದೆ. ಚಿನ್ನದ ಮೇಲೆ ಏನಾದರೂ ಬಂದು ಕೂತರೆ ಆ ಕೋನ ಒಂದಿಷ್ಟು ಸರಿಯುತ್ತದೆ. ಆ ಸರಿದದ್ದೇ ಪರದೆಯ ಮೇಲೆ ಗೆರೆಯಾಗಿ ಏರುತ್ತದೆ. ಬಣ್ಣ ಹಚ್ಚಬೇಕಿಲ್ಲ, ಗುರುತು ಹಾಕಬೇಕಿಲ್ಲ. ಯಾರು ಯಾರ ಕೈ ಹಿಡಿದರು, ಎಷ್ಟು ಹೊತ್ತು ಹಿಡಿದರು, ಯಾವಾಗ ಬಿಟ್ಟರು, ಎಲ್ಲ ಕಣ್ಣೆದುರೇ.

ಚಿನ್ನದ ಮೇಲೆ ನಾನು ಸ್ನಾಯುವಿನ ಕಿವಿಯನ್ನು ಕೂರಿಸುತ್ತೇನೆ, ಅಂದರೆ ನರದ ಮಾತು ಕೇಳಿಸಿಕೊಳ್ಳುವ ಪ್ರೋಟೀನನ್ನು. ಅದರ ಮೇಲೆ ರಕ್ತದ ತಿಳಿ ಹರಿಸುತ್ತೇನೆ. ಈ ಕಾಯಿಲೆ ಇದ್ದವರ ರಕ್ತದಲ್ಲಿ ಆ ಕಿವಿಯನ್ನು ಮುಚ್ಚಲೆಂದೇ ಹೊರಟ ಕಣಗಳಿರುತ್ತವೆ. ಅವು ನಮ್ಮ ದೊಡ್ಡ ಸೋದರತ್ತೆಯ ಹಾಗೆ, ಬಂದು ಕೂತರೆ ಏಳುವುದಿಲ್ಲ. ಗೆರೆ ನಿಧಾನ ಏರುತ್ತದೆ, ಇಳಿಯಲು ಒಪ್ಪುವುದಿಲ್ಲ.

ಆದರೆ ಒಬ್ಬರದನ್ನೇ ನೋಡಿ ಏನೂ ಹೇಳಲಾಗುವುದಿಲ್ಲ. ಯಾರ ರಕ್ತವಾದರೂ ಚೂರುಪಾರು ಅಂಟುತ್ತದೆ. ಅದಕ್ಕೆ ಆರೋಗ್ಯವಂತರೊಬ್ಬರದೂ ಬೇಕು. ಅವರದನ್ನು ಸೊನ್ನೆ ಎಂದಿಟ್ಟುಕೊಂಡು, ನಿನ್ನದರಿಂದ ಕಳೆದು, ಉಳಿದದ್ದನ್ನು ನೋಡುವುದು ನಮ್ಮ ಪದ್ಧತಿ. ಅಮ್ಮನದನ್ನೇ ಕಳಿಸು. ಒಂದೇ ಮನೆ, ಒಂದೇ ನೀರು. ಅಮ್ಮನಿಗೆ ನೆಗಡಿ ಬಂದದ್ದಾದರೂ ನೀನು ನೋಡಿದ್ದೀಯಾ? ಕಲ್ಲುಗುಂಡು. ನನ್ನ ಕೆಲಸಕ್ಕೆ ಬೇಕೆಂದು ಹೇಳು, ಕುಣಿದು ಬರುತ್ತಾಳೆ.

ಒಂದು ಮಾತು. ಚಿಕ್ಕಪ್ಪನ ಮಗಳ ಮದುವೆಗೆ ಯಾರದೋ ಸೂಟ್‌ಕೇಸು ಹೊತ್ತುಕೊಂಡು ಬಂದು, ಗಂಡಸರ ಶರಟುಗಳನ್ನು ನೋಡಿ ಕೂತಿದ್ದೆಯಲ್ಲ, ಹಾಗೆ ಟ್ಯೂಬುಗಳನ್ನು ಅದಲುಬದಲು ಮಾಡಬೇಡ, ಮಹಾತಾಯಿ.

ನಿನ್ನ
ಅಕ್ಕ

—

ಫೆಬ್ರವರಿ 20

ಅಕ್ಕಾ,

ಕಳಿಸಿದೆ. ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ, ಚಿಕ್ಕ ಟ್ಯೂಬುಗಳು. ಕೆಂಪು ದಾರ ಕಟ್ಟಿರುವುದು ಅಮ್ಮನದು, ದಾರವಿಲ್ಲದ್ದು ನನ್ನದು. ಇನ್ನು ಸೂಟ್‌ಕೇಸಿನ ವಿಷಯ ಈ ಜನ್ಮದಲ್ಲಿ ಎತ್ತಬೇಡ.

ಕ್ಲಿನಿಕ್ಕಿನಲ್ಲಿ ಅಮ್ಮನ ಜಂಬ ನೋಡಬೇಕಿತ್ತು. ಬೆಳಿಗ್ಗೆ ಆದ್ದರಿಂದ ಮಾತೂ ಸಲೀಸಾಗಿತ್ತು. ಸ್ವೆಟರಿನ ತೋಳು ಮಡಚಿ ನರ್ಸಿಗೆ, "ನಾನು ಗಟ್ಟಿಮುಟ್ಟಾಗಿದ್ದೀನಿ ಅಂತ ದೊಡ್ಡ ಮಗಳು ಅಷ್ಟು ದೂರದಿಂದ ಸರ್ಟಿಫಿಕೇಟ್ ಕೊಟ್ಟಿದ್ದಾಳೆ. ಕಾಯಿಲೆಯವರನ್ನ ನನ್ನ ಜೊತೆ ಹೋಲಿಸಿ ನೋಡ್ತಾರಂತೆ" ಅಂದಳು. ರಕ್ತ ತೆಗೆದ ಮೇಲೆ ಹತ್ತಿ ಒತ್ತಿಕೊಂಡು ತೋಳು ಮಡಚಿರಿ ಅಂದರೆ, ತೋಳು ಜಾರಿ ಕೆಳಗೆ ಬಿತ್ತು. "ಸುಸ್ತಾ ಅಮ್ಮಾ?" ಅಂದರು ನರ್ಸು. "ಸುಸ್ತೆಲ್ಲಿಂದ, ನಿನ್ನೆ ಪರದೆ ಎಲ್ಲ ಒಗೆದೆ" ಅಂದಳು.

ತಿಳಿ ಬೇರೆ ಮಾಡಿ ಟ್ಯೂಬಿಗೆ ಹಾಕಿಕೊಟ್ಟಾಗ ಅಮ್ಮನೇ ಚೀಲದಲ್ಲಿದ್ದ ತನ್ನ ಹೊಲಿಗೆಪೆಟ್ಟಿಗೆಯ ಕೆಂಪು ದಾರ ತೆಗೆದು ಅದಕ್ಕೆ ಕಟ್ಟಿದಳು, ಗುಂಡಿ ಹೊಲಿದ ಮೇಲೆ ಹಾಕುತ್ತಾಳಲ್ಲ, ಆ ಗಂಟು. ಎರಡು ಸಲ ಜಾರಿಹೋಯಿತು. ನಾನು ಕೈ ಹಾಕಲು ಹೋದರೆ ತಳ್ಳಿದಳು.

ಇನ್ನು ಅವಳ ಸಂಜೆಯ ಮುನಿಸು. ನಾನು ಮನೆಗೆ ವಾಪಸ್ಸು ಬಂದದ್ದು ಅವಳಿಗೆ ಇಷ್ಟವಿಲ್ಲ ಎಂದು ಕಾಣುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಖ ಜೋತುಬೀಳುತ್ತದೆ, ಒಂದು ಕಣ್ಣು ಅರ್ಧ ಮುಚ್ಚಿಕೊಂಡು ಖೋಟಾ ನಾಣ್ಯ ನೋಡಿದ ಹಾಗೆ ನನ್ನನ್ನು ನೋಡುತ್ತಾಳೆ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಹೋಗುತ್ತಾಳೆ. ಹೊಲಿಯಲು ಬಂದ ಬಟ್ಟೆ ಕುರ್ಚಿಯ ಮೇಲೆ ರಾಶಿ ಬಿದ್ದಿವೆ. ಅದೂ ನನ್ನ ಮೇಲಿನ ಮುಷ್ಕರವೇ ಇರಬೇಕು.

ನಾನಿನ್ನೂ ಬಸ್ಸು ಓಡಿಸುತ್ತಿದ್ದೇನೆ. ಬೆಳಗಿನ ಪಾಳಿ ಮಾತ್ರ. ಬೈಯಬೇಡ. ಬೇಗ ಬರೆ.

ಗಡಿಬಿಡಿ

—

ಮಾರ್ಚ್ 5

ಪ್ರೀತಿಯ ತಂಗಿಗೆ,

ಡಬ್ಬಿ ಸುರಕ್ಷಿತವಾಗಿ ತಲುಪಿತು. ಉತ್ತರ ತಡವಾಯಿತು, ಕ್ಷಮಿಸು. ಯಂತ್ರವನ್ನು ತೊಳೆಯುವ ಕೆಲಸ ಬಂತು. ಅದರೊಳಗಿನ ಕೊಳವೆಗಳು ಕೂದಲಿಗಿಂತ ತೆಳು, ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಇಡೀ ದಿನ ಹಾಳು. ಜೊತೆಗೆ ನಮ್ಮ ಮಹಡಿಯ ಶೀತಲಯಂತ್ರ ಕೆಟ್ಟಿತ್ತು. ಕೋಣೆ ಬಿಸಿಯಾದರೆ ಗೆರೆ ತಾನಾಗಿಯೇ ತೇಲಾಡುತ್ತದೆ. ಹೀಗೆ ಒಂದಲ್ಲ ಒಂದು. ಇನ್ನೊಮ್ಮೆ ನೋಡಿ ಬರೆಯುತ್ತೇನೆ.

ಸುಮ್ಮನೆ ಕೇಳುತ್ತಿದ್ದೇನೆ. ತಲೆ ಬಾಚುವಾಗ ನಡುವೆ ಕೈ ಕೆಳಗಿಳಿಸಬೇಕಾಗುತ್ತದೆಯೇ? ಊಟ ಅಗಿಯುತ್ತ ಅಗಿಯುತ್ತ ದವಡೆ ಸೋಲುತ್ತದೆಯೇ? ಸಂಜೆಗೆ ರೆಪ್ಪೆ ಇಳಿಯುತ್ತದೆಯೇ, ಒಂದೇ ಕಣ್ಣಿನದಾದರೂ? ಬೆಳಿಗ್ಗೆ ಸರಿಯಿದ್ದ ದನಿ ಹೊತ್ತು ಹೋದಂತೆ ಮೂಗಿನಿಂದ ಬರುತ್ತದೆಯೇ? ನೀರು ಕುಡಿಯುವಾಗ ಕೆಮ್ಮು?

ದಯವಿಟ್ಟು ಬಸ್ಸು ಓಡಿಸುವುದನ್ನು ನಿಲ್ಲಿಸು. ಏಪ್ರಿಲ್‌ಗಿಂತ ಮೊದಲೇ ನಿನ್ನನ್ನು ನೋಡಲು ಆಗುತ್ತದೆಯೇ ಎಂದು ಆಸ್ಪತ್ರೆಯವರನ್ನು ಕೇಳು. ಹೆದರುವಂಥದ್ದೇನೂ ಇಲ್ಲ.

ದಾರ ಕಟ್ಟುವಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ?

ಅಕ್ಕ

—

ಮಾರ್ಚ್ 12

ಅಕ್ಕಾ,

"ಪ್ರೀತಿಯ ತಂಗಿಗೆ" ಅಂತೆ. ಅಪ್ಪ ಸತ್ತ ಸುದ್ದಿಯನ್ನು ನೀನು ಹಾಸ್ಟೆಲಿಗೆ ಬರೆದಾಗಲೂ ಹೀಗೇ ಶುರು ಮಾಡಿದ್ದೆ. ಹೆದರುವಂಥದ್ದೇನೂ ಇಲ್ಲ ಎಂದು ಬರೆದು, ಶೀತಲಯಂತ್ರದ ಕಥೆ ಹೇಳಿ, ಸುಮ್ಮನೆ ಎಂದು ಐದು ಪ್ರಶ್ನೆ ಕೇಳಿದರೆ ಯಾರಿಗೆ ನಿದ್ದೆ ಬರುತ್ತದೆ? ಏನು ಕಂಡಿತು ಹೇಳು. ನಾನೇನು ಗಾಜಿನ ಗೊಂಬೆಯಲ್ಲ.

ಬಸ್ಸು ಬಿಟ್ಟೆ. ಡಿಪೋ ಮ್ಯಾನೇಜರಿಗೆ ಹೇಳಿ, ಕಳೆದುಹೋದ ವಸ್ತುಗಳ ಕಿಟಕಿಯಲ್ಲಿ ಕೂತಿದ್ದೇನೆ. ದಿನವಿಡೀ ಛತ್ರಿಗಳಿಗೆ ಚೀಟಿ ಅಂಟಿಸುವ ಕೆಲಸ. ಕಿಟಕಿಯಾಚೆ ನನ್ನ ಬಸ್ಸನ್ನು ಬೇರೆಯವರು ಹೊರಗೆ ತೆಗೆಯುವುದು ಕಾಣುತ್ತದೆ. ಹೊಟ್ಟೆ ಉರಿಯುತ್ತದೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಬಾಚಲು ತೊಂದರೆಯಿಲ್ಲ. ಅಗಿಯಲು ತೊಂದರೆಯಿಲ್ಲ, ಅಮ್ಮ ಬಿಟ್ಟದ್ದನ್ನೂ ನಾನೇ ಮುಗಿಸುತ್ತಿದ್ದೇನೆ. ರೆಪ್ಪೆ ಕನ್ನಡಿಯಲ್ಲಿ ಸರಿಯಾಗಿಯೇ ಇದೆ. ಇಷ್ಟಾದರೂ ನನಗೆ ಕಾಯಿಲೆ ಅನ್ನುತ್ತೀಯೋ?

ನಿನಗೆ ಹೇಳಬಾರದೆಂದಿದ್ದೆ, ತಡೆಯಲಾಗುತ್ತಿಲ್ಲ. ಮೊನ್ನೆ ಸಂಜೆ ಅಮ್ಮನ ಮೇಲೆ ಕೂಗಾಡಿಬಿಟ್ಟೆ. ಕಿಟಕಿಯ ಪಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು, ಅದೇ ಅರ್ಧ ಕಣ್ಣು. "ಏನಿದ್ರೂ ಬಾಯಿಬಿಟ್ಟು ಹೇಳು! ನಾನು ಇಲ್ಲಿರೋದು ಬೇಡ ಅಂದ್ರೆ ಬೇಡ ಅನ್ನು! ಗೋಡೆ ಜೊತೆ ಬಾಳ್ವೆ ಮಾಡಿದ ಹಾಗಾಗಿದೆ ನನಗೆ!" ಅಂದೆ. ಅವಳು ಬಾಯಿ ತೆರೆದಳು. ಮೂಗಿನಿಂದ, ತೊದಲುತ್ತ, ಮಕ್ಕಳನ್ನು ಅಣಕಿಸುವ ಹಾಗೆ ಏನೋ ಅಂದಳು. ಅಣಕಿಸಿದಳು ಅಕ್ಕಾ, ನನ್ನನ್ನು! ನಾನು ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಹೋದೆ.

ಆವತ್ತಿನಿಂದ ನಾವು ಮಾತಾಡಿಲ್ಲ. ನೀನಾದರೂ ನಿಜ ಹೇಳು.

—

ಮಾರ್ಚ್ 13

ಗಡಿಬಿಡಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಇನ್ನು ಮುಚ್ಚಿಡಲು ಆಗುವುದಿಲ್ಲ. ಯಂತ್ರ ಕೊಳೆಯಾಗಿರಲಿಲ್ಲ. ನಿನ್ನ ಡಬ್ಬಿ ಬಂದ ಮರುದಿನವೇ ನೋಡಿದ್ದೆ.

ಯಂತ್ರ ನಿನ್ನದರಿಂದ ಅಮ್ಮನದನ್ನು ಕಳೆದು ಗೆರೆ ಬರೆಯಿತು. ನಿನಗೆ ಕಾಯಿಲೆಯಿದ್ದರೆ ಗೆರೆ ಮೇಲೇರಬೇಕು, ಇಲ್ಲದಿದ್ದರೆ ಸೊನ್ನೆಯ ಮೇಲೆ ಮಲಗಿರಬೇಕು. ಅದು ಕೆಳಗಿಳಿಯಿತು. ಸೊನ್ನೆಯ ಕೆಳಕ್ಕೆ, ನಿಧಾನ, ಏರಬೇಕಾದ ಗೆರೆಯ ಪ್ರತಿಬಿಂಬದ ಹಾಗೆ. ಅದಕ್ಕೆ ಇರುವುದು ಒಂದೇ ಅರ್ಥ: ಆರೋಗ್ಯವಂತರದೆಂದು ನಾನು ಕಳೆಯುತ್ತಿರುವುದರಲ್ಲೇ ಆ ಕಣಗಳಿವೆ. ಹೊಸ ಗಾಜು ಹಾಕಿ ನೋಡಿದೆ, ಮತ್ತೂ ಅದೇ.

ಅಂದರೆ ನೀನು ಟ್ಯೂಬು ಅದಲುಬದಲು ಮಾಡಿದ್ದೀಯೆ. ಕೆಂಪು ದಾರ ನಿನ್ನದಕ್ಕೆ ಬಿದ್ದಿದೆ. ಅಮ್ಮನ ಗಂಟನ್ನು ನಾನೇ ಕತ್ತರಿಸಿದ್ದು, ಇಲ್ಲಿಗೆ ಬಂದ ಮೇಲೆ ಅದಲುಬದಲಾಗಿಲ್ಲ. ಅಂಥ ಸಂಕಟದಲ್ಲೂ ನಿನ್ನ ಸೂಟ್‌ಕೇಸು ನೆನಪಾಗಿ ನಕ್ಕೆ. ಹೆಸರುಗಳನ್ನು ತಿದ್ದಿ ಮತ್ತೆ ಲೆಕ್ಕ ಹಾಕಿದೆ. ಗೆರೆ ಎದ್ದು ನಿಂತಿತು. ಇಷ್ಟು ಸ್ಪಷ್ಟವಾದ ಗೆರೆ ನನಗೆ ಈವರೆಗೆ ಬಂದಿರಲಿಲ್ಲ. ಒಂದು ಕ್ಷಣ ಖುಷಿಯಾಯಿತು, ನೋಡು. ನಮ್ಮ ವಾರದ ಸಭೆಯಲ್ಲಿ ತೋರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತೆ. ಅದು ನೀನಲ್ಲವೇ.

ನಿನಗೆ ಬರೆಯಲು ಧೈರ್ಯ ಬರಲಿಲ್ಲ. ಇದಕ್ಕೆ ಔಷಧಿ ಇದೆ, ಜನ ಚೆನ್ನಾಗಿ ಬದುಕುತ್ತಾರೆ. ಆದರೆ ನುಂಗುವ, ಉಸಿರಾಡುವ ಸ್ನಾಯುಗಳಿಗೆ ಹಬ್ಬಿದರೆ ತಡಮಾಡುವ ಹಾಗಿಲ್ಲ. ಈ ಕಾಗದ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗು. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗು, ಧೈರ್ಯಕ್ಕೆ.

ಅಕ್ಕ

—

ಮಾರ್ಚ್ 18, ಆಸ್ಪತ್ರೆಯ ಮೂರನೇ ಮಹಡಿ

ಅಕ್ಕಾ,

ಫೋನಿನಲ್ಲಿ ನಿನಗೆ ಹೇಳಿದ್ದು ಇಷ್ಟೇ: ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಉಸಿರು ಸರಿಯಿದೆ, ಹೊರಟು ಬಾ. ಉಳಿದದ್ದನ್ನು ಹೇಳದೆ ಫೋನು ಇಟ್ಟೆ. ಇಲ್ಲಿ ಬೆಂಚಿನ ಮೇಲೆ ಕೂತಿರಲೂ ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಡಿಪೋಗೆ ಬಂತು. ಓದಿದೆ. ನನಗೆ ಕಾಯಿಲೆ ಎಂದು ಬರೆದದ್ದಕ್ಕಿಂತ, ಅದಲುಬದಲು ಮಾಡಿದೆ ಎಂದು ಬರೆದದ್ದಕ್ಕೆ ರೇಗಿತು. ನಾನು ಮಾಡಿಲ್ಲ. ಜೀವನದಲ್ಲಿ ನೂರು ಎಡವಟ್ಟು ಮಾಡಿದ್ದೇನೆ, ಇದೊಂದನ್ನು ಮಾಡಿಲ್ಲ. ನರ್ಸು ಅಮ್ಮನ ಟ್ಯೂಬನ್ನು ಅಮ್ಮನ ಕೈಗೇ ಕೊಟ್ಟರು, ಅಮ್ಮ ಅಲ್ಲೇ ದಾರ ಕಟ್ಟಿದಳು, ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದೆ. ನಿನಗೆ ಚೆನ್ನಾಗಿ ಬೈದು ಬರೆಯಬೇಕೆಂದು ಪೆನ್ನು ತೆಗೆದೆ. ನಿನ್ನ ಹಿಂದಿನ ಕಾಗದವೂ ಚೀಲದಲ್ಲಿತ್ತು, ಮಾತಿಗೆ ಮಾತು ಕೊಡೋಣವೆಂದು ಅದನ್ನೂ ಬಿಡಿಸಿದೆ. ತಲೆ ಬಾಚುವಾಗ ಕೈ. ಅಗಿಯುವಾಗ ದವಡೆ. ಸಂಜೆಗೆ ರೆಪ್ಪೆ, ಒಂದೇ ಕಣ್ಣಿನದಾದರೂ. ಮೂಗಿನ ದನಿ.

ಅಕ್ಕಾ, ಅದು ನನ್ನ ಅಮ್ಮನ ಚಿತ್ರ. ನೀನು ಅವಳ ಎದುರು ಕೂತು ಬರೆದ ಹಾಗಿತ್ತು.

ಕಿಟಕಿ ಮುಚ್ಚಿ, ಛತ್ರಿಗಳನ್ನು ಹಾಗೇ ಬಿಟ್ಟು, ನನ್ನದೇ ಬಸ್ಸು ಹತ್ತಿ ಮನೆಗೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಸಿಂಕಿನ ಮೇಲೆ ಬಗ್ಗಿ ಕೆಮ್ಮುತ್ತಿದ್ದಳು. ನೀರು ಮೂಗಿನಿಂದ ಬರುತ್ತಿತ್ತು. ಬೆನ್ನು ಸವರಿ ಕೂರಿಸಿ, ಕಣ್ಣಿನ ಡಾಕ್ಟರು ನನಗೆ ಮಾಡಿಸಿದ್ದನ್ನೇ ಮಾಡಿಸಿದೆ. "ಅಮ್ಮಾ, ಸೂರು ನೋಡು, ನಾನು ಹೇಳೋ ತನಕ ಕಣ್ಣು ಕೆಳಗೆ ಇಳಿಸ್ಬೇಡ" ಅಂದೆ. ನೋಡಿದಳು. ಎಡಗಣ್ಣಿನ ರೆಪ್ಪೆ ಅಂಗಡಿಯ ಶಟರಿನ ಹಾಗೆ ತಾನಾಗಿ ಇಳಿದುಬಂತು. ಅವಳು ಬೆರಳಿನಿಂದ ಅದನ್ನು ಎತ್ತಿ ಹಿಡಿದು ನನ್ನನ್ನು ನೋಡಿದಳು. ಎಷ್ಟು ಅಭ್ಯಾಸವಾದ ಕೈ ಅದು ಗೊತ್ತಾ!

"ಯಾಕೆ ಹೇಳ್ಲಿಲ್ಲ?" ಅಂದೆ. ಒಂದೊಂದೇ ಪದ ಎತ್ತಿಟ್ಟು ಹೇಳಿದಳು: "ನಿನ್ನ ಕಣ್ಣಿಂದೇ ಚಿಂತೆ ನಿಂಗೆ. ಕಣ್ಣು ಹೋಯ್ತು ಅಂತ ಗೋಡೆ ಆಚೆ ಅಳ್ತಿದ್ದೆ, ಕೇಳಿಸ್ತಿತ್ತು. ಅದರ ಮೇಲೆ ನಂದೊಂದು ಯಾಕೆ? ಅಕ್ಕ ಬೇರೆ ನಾನು ಗಟ್ಟಿ ಅಂದಿದ್ದಾಳೆ."

ಆವತ್ತು ಅವಳು ನನ್ನನ್ನು ಅಣಕಿಸಿರಲಿಲ್ಲ. "ಹೋಗಬೇಡ" ಎಂದಿದ್ದಳಂತೆ. ನಾನು ಬಾಗಿಲು ಹಾಕಿಕೊಂಡು ಹೋದೆ.

ಇಲ್ಲಿನ ಡಾಕ್ಟರು, ಇನ್ನೊಂದು ವಾರ ಕಳೆದಿದ್ದರೆ ಕಷ್ಟವಿತ್ತು ಅಂದರು. ನೀನು ಡಬ್ಬಿ ಬಂದ ಮರುದಿನವೇ ನೋಡಿದ್ದೆ ಎಂದು ಬರೆದಿದ್ದೀಯ. ನನಗೆ ನಿನ್ನ ಮೇಲೆ ಸಿಟ್ಟಿದೆ. ನನ್ನ ಮೇಲೂ ಇದೆ. ಯಾವುದು ಹೆಚ್ಚು ಎಂದು ನಿನ್ನ ಯಂತ್ರದಲ್ಲಿ ಹಾಕಿ ನೋಡು.

—

ಮಾರ್ಚ್ 19

ನನ್ನ ತಂಗೀ,

ಇಲ್ಲಿ ರೈಲ್ವೆಯವರ ಮುಷ್ಕರ ನಡೆಯುತ್ತಿದೆ, ಮುಗಿಯುವವರೆಗೆ ರೈಲಿಲ್ಲ. ಬೆಳಿಗ್ಗೆಯಿಂದ ನಿಲ್ದಾಣಕ್ಕೂ ಲ್ಯಾಬಿಗೂ ಓಡಾಡುತ್ತಿದ್ದೇನೆ. ಫೋನಿನಲ್ಲಿ ನೀನು "ಅಮ್ಮ ಆಸ್ಪತ್ರೆಯಲ್ಲಿದ್ದಾಳೆ" ಅಂದ ಕೂಡಲೇ ಎಲ್ಲ ಗೊತ್ತಾಯಿತು. ನಿನ್ನ ಫೆಬ್ರವರಿಯ ಕಾಗದ ತೆಗೆದು ಓದಿದೆ. ತೋಳು ಜಾರಿತು, ಗಂಟು ಜಾರಿತು, ಅರ್ಧ ಕಣ್ಣು, ಅರ್ಧ ತಟ್ಟೆ. ಎಲ್ಲ ಬರೆದು ಕಳಿಸಿದ್ದೀಯ. ಈ ಕಾಯಿಲೆಯ ಲಕ್ಷಣಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲವಳು ನಾನು, ಅದನ್ನು ಓದಿ, ಅಮ್ಮನ ಮುನಿಸು ಎಂದು ನಕ್ಕು ಮಡಚಿಟ್ಟೆ.

ಯಂತ್ರ ಸತ್ಯ ಹೇಳಿತ್ತು. ಎರಡು ಸಲ ಹೇಳಿತ್ತು. ನಾನು ಅದನ್ನು ತಿದ್ದಿದೆ. ಬೇರೆ ಯಾರದೇ ರಕ್ತವಾಗಿದ್ದರೆ, ಆರೋಗ್ಯವಂತೆ ಎಂದುಕೊಂಡವಳಿಗೇ ಕಾಯಿಲೆ ಇರಬಹುದೇ ಎಂದು ಮೊದಲು ಕೇಳುತ್ತಿದ್ದೆ. ಇಲ್ಲಿ ಕೇಳಲೇ ಇಲ್ಲ. ನೀನು ಎಡವುವವಳು, ಅಮ್ಮ ಕಲ್ಲುಗುಂಡು, ನಾನು ತಪ್ಪದವಳು. ಇಷ್ಟನ್ನು ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೆ. ಅಮ್ಮನನ್ನು ಸೊನ್ನೆ ಎಂದಿಟ್ಟುಕೊಂಡು ಉಳಿದವರನ್ನೆಲ್ಲ ಅಳೆದೆ.

ಇವತ್ತು ಸಭೆ ಕರೆಸಿ, ಆ ಗೆರೆಯನ್ನು ಮತ್ತೆ ತೋರಿಸಿ, ಹೆಸರು ಅದಲುಬದಲು ಮಾಡಿದವಳು ನಾನೇ, ನನ್ನ ತಂಗಿಯಲ್ಲ ಎಂದು ಹೇಳಿದೆ. ಮುಖ್ಯಸ್ಥೆ, "ಮೊದಲು ಮನೆಗೆ ಹೋಗು" ಅಂದರು.

ನಿನಗೆ ನನ್ನ ಮೇಲೆ ಸಿಟ್ಟು ಬಂದೇ ಇರುತ್ತದೆ, ಇಳಿಸಿಕೊಳ್ಳಬೇಡ, ನಾನು ಬರುವವರೆಗೆ ಇಟ್ಟುಕೊಂಡಿರು. ನಾಳೆ ಬಸ್ಸಿನಲ್ಲಾದರೂ ಹೊರಡುತ್ತೇನೆ. ಈ ಕಾಗದ ನನಗಿಂತ ಮೊದಲು ಬರುತ್ತದೋ ಇಲ್ಲವೋ. ಸುಮ್ಮನಿರಲಾಗದೆ ಬರೆದೆ.

ಅಕ್ಕ

—

ಮಾರ್ಚ್ 21

ಅಕ್ಕಾ,

ದಾರಿಯಲ್ಲಿ ಗಾಡಿ ಕೆಟ್ಟು ಗಡಿಯ ಊರಿನಲ್ಲೇ ಉಳಿದಿದ್ದೀಯೆಂದು ನಿನ್ನ ಸಂದೇಶ ಬಂತು. ನಮ್ಮ ಡಿಪೋದ ಚಾಲಕರೊಬ್ಬರು ನಾಳೆ ಬೆಳಗಿನ ಜಾವ ಆ ಕಡೆ ಹೋಗುತ್ತಾರೆ. ಈ ಚೀಟಿಯನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಬಸ್ಸಿನಲ್ಲೇ ಹೊರಟು ಬಾ, ಮುಂದಿನ ಸೀಟು ಹೇಳಿದ್ದೇನೆ.

ನನ್ನ ಕಣ್ಣನ್ನೂ ಇಲ್ಲಿಯೇ ನೋಡಿದರು. ಅದೇನೂ ಅಲ್ಲವಂತೆ. ಎರಡು ಕಣ್ಣೂ ಒಂದೇ ಕಡೆ ನೋಡಲು ಒಪ್ಪುತ್ತಿಲ್ಲ, ದಪ್ಪ ಗಾಜಿನ ಕನ್ನಡಕ ಕೊಟ್ಟಿದ್ದಾರೆ. ಹಾಕಿಕೊಂಡರೆ ಅಜ್ಜಿಯ ಹಾಗೆ ಕಾಣುತ್ತೇನೆ, ಆದರೆ ರಸ್ತೆ ಒಂದೇ ಇದೆ.

ಅಮ್ಮನಿಗೆ ಔಷಧಿ ಶುರುವಾಗಿದೆ. ನಿನ್ನೆ ದೀಪ ಹಚ್ಚುವ ಹೊತ್ತಾಯಿತು. ನಾನು ಎಂದಿನಂತೆ ಇನ್ನು ಮಾತು ಮುಗಿಯಿತೆಂದು ಹೊದಿಕೆ ಸರಿಮಾಡುತ್ತಿದ್ದೆ. "ಕೂತ್ಕೋ" ಅಂದಳು. ಮೂಗಿನ ದನಿಯಲ್ಲ, ಅವಳ ಹಳೆಯ ದನಿ. ಎರಡೂ ಕಣ್ಣು ಪೂರ್ತಿ ತೆರೆದಿದ್ದವು.

"ನನಗೆ ಸಿಟ್ಟು ಇರ್ಲಿಲ್ಲ ಅಂದ್ಕೊಂಡ್ಯಾ?" ಅಂದಳು. "ಇದೆ. ಗಂಡನ್ನ ಬಿಟ್ಟು ಬಂದಿದ್ದಕ್ಕಲ್ಲ. ಬಿಡೋ ಅಷ್ಟು ಕಷ್ಟ ಇದ್ದಾಗ ನನಗೊಂದು ಮಾತು ಹೇಳ್ಲಿಲ್ಲವಲ್ಲ, ಅದಕ್ಕೆ. ಕಣ್ಣು ಎರಡೆರಡು ಕಾಣ್ತಿದ್ರೂ ನನ್ನ ಬಿಟ್ಟು ಅವಳಿಗೆ ಕಾಗದ ಬರೆದೆಯಲ್ಲ, ಅದಕ್ಕೆ. ಅವಳೋ, ನನ್ನ ಹತ್ರ ನೆಟ್ಟಗೆ ಮಾತಾಡಿ ಎಷ್ಟು ವರ್ಷ ಆಯ್ತು? ಅಮ್ಮ ಚೆನ್ನಾಗಿದ್ದಾಳೆ ಅಂತ ಇಬ್ರೂ ತೀರ್ಮಾನ ಮಾಡ್ಕೊಂಡು ಕೂತಿದ್ರಿ. ಒಬ್ರಾದ್ರೂ ಕೇಳಿದ್ರೇನೇ, ಚೆನ್ನಾಗಿದ್ದೀಯಾ ಅಂತ?"

ಬೈದಳು ಅಕ್ಕಾ, ಮನಸಾರೆ ಬೈದಳು. ಪಕ್ಕದ ಹಾಸಿಗೆಯವರು ಪರದೆ ಎಳೆದುಕೊಂಡರು. ನಾನು ಅಳುತ್ತ ನಗುತ್ತ ಕೂತು ಕೇಳಿಸಿಕೊಂಡೆ. ಕತ್ತಲಾದ ಮೇಲೆ ಅಮ್ಮನ ಮಾತು ಕೇಳಿ ಎಷ್ಟು ತಿಂಗಳಾಗಿತ್ತು!

ನಿನ್ನ ಪಾಲಿನದು ಇನ್ನೂ ಬಾಕಿ ಇದೆಯಂತೆ, ನೀನು ಎದುರಿಗೆ ಬಂದ ಮೇಲೆಯೇ ಅಂತೆ. ಆದರೆ ಇವತ್ತು ಸಂಜೆ ದನಿ ಮತ್ತೆ ಸ್ವಲ್ಪ ಜಾರಿತು. ಔಷಧಿ ಹಿಡಿಯುವವರೆಗೆ ಹೀಗೆಯೇ, ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ ಅನ್ನುತ್ತಾರೆ ಡಾಕ್ಟರು.

ಎಲ್ಲೂ ಇಳಿಯಬೇಡ, ನೇರ ಇಲ್ಲಿಗೆ ಬಾ. ಬೆಳಕಿರುವಾಗಲೇ ಬಾ.

ಗಡಿಬಿಡಿ